ಆ ಕೆಲವು ತಿಂಗಳು: ಸಿ.ಬಿ. ಮುತ್ತಮ್ಮ ಕೇಸಿನ ಪೂರ್ತಿ ಕಥೆ

ಸಿ.ಬಿ. ಮುತ್ತಮ್ಮ ಅಂತ ಹುಡುಕಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಾಲು ಸಿಗುತ್ತದೆ. ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದ ವಿದೇಶಾಂಗ ಸೇವೆಯ ಅಧಿಕಾರಿ, ಕೊಡಗಿನ ಹೆಣ್ಣುಮಗಳು. ನಾನೂ ಹಾಗೇ ಅಂದುಕೊಂಡಿದ್ದೆ, ತೀರ್ಪು ಓದುವವರೆಗೆ. ತೀರ್ಪು ದೊಡ್ಡದೇನಲ್ಲ, ಒಂದು ಲೋಟ ಟೀ ಖಾಲಿಯಾಗುವಷ್ಟರಲ್ಲಿ ಓದಿ ಮುಗಿಸಬಹುದು. ಆದರೆ ಕೊನೆಗೆ ಬಂದಾಗ ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಜಿಯನ್ನು ವಜಾ ಮಾಡಿದ್ದೇವೆ, ಸಮಸ್ಯೆಯನ್ನಲ್ಲ ಅಂತ ಬರೆದಿದ್ದಾರೆ.

ಅರ್ಜಿ ವಜಾ. ಹಾಗಾದರೆ ಗೆದ್ದಿದ್ದು ಏನು?

ನಾನು ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ ಹನ್ನೊಂದು ವರ್ಷ ಕೂತವಳು. ಎಸ್.ಆರ್. (ನೌಕರರ ಸೇವಾ ಪುಸ್ತಕ) ಬರೆಯುವುದು, ರಜೆ ಲೆಕ್ಕ, ಇನ್‌ಕ್ರಿಮೆಂಟ್, ಬಡ್ತಿ ಕಡತ, ಜ್ಯೇಷ್ಠತಾ ಪಟ್ಟಿ ಅಂದರೆ ಸೀನಿಯಾರಿಟಿ ಪಟ್ಟಿ, ಇದೇ ನನ್ನ ಪ್ರಪಂಚ. ಹಾಗಾಗಿ ಈ ತೀರ್ಪಿನಲ್ಲಿ ಎಲ್ಲರೂ ಎತ್ತಿ ಹೇಳುವ ದೊಡ್ಡ ಮಾತುಗಳಿಗಿಂತ ಜಾಸ್ತಿ ನನ್ನ ಕಣ್ಣು ಹೋಗಿದ್ದು ಯಾರೂ ಹೇಳದ ಒಂದು ಸಣ್ಣ ವಿಷಯದ ಮೇಲೆ. ಬಡ್ತಿ ಸಿಗದೆ ಹೋದ 'ಕೆಲವು ತಿಂಗಳು'. ಅದನ್ನು ಹೇಳಬೇಕಾದರೆ ಮೊದಲಿಂದ ಬರಬೇಕು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿಯಲ್ಲಿ, ವಿರಾಜಪೇಟೆಯಲ್ಲಿ. ಅಪ್ಪ ಅರಣ್ಯ ಇಲಾಖೆಯ ಅಧಿಕಾರಿ, ಮಗಳಿಗೆ ಒಂಬತ್ತು ವರ್ಷ ಆಗಿದ್ದಾಗ ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸುವ ಭಾರ ಅಮ್ಮನ ಮೇಲೆ ಬಿತ್ತು, ಆ ತಾಯಿ ಓದಿಸಿಯೇ ಬಿಟ್ಟರು. ಮಡಿಕೇರಿಯಲ್ಲಿ ಶಾಲೆ, ಆಮೇಲೆ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. 1948ರಲ್ಲಿ ಅವರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸ್ ಮಾಡಿದರು. ಹಾಗೆ ಪಾಸ್ ಮಾಡಿದ ಮೊದಲ ಭಾರತೀಯ ಮಹಿಳೆ ಅವರೇ.

ಪಾಸ್ ಮಾಡಿದ್ದೇನೋ ಸರಿ, ಸಂದರ್ಶನದಲ್ಲಿ ಕೂತವರು ವಿದೇಶಾಂಗ ಸೇವೆ ಬೇಡಮ್ಮ ಅಂತ ಬುದ್ಧಿ ಹೇಳಿದರು. ಇದು ನಾನು ಸೇರಿಸುತ್ತಿರುವ ಮಾತಲ್ಲ, ಮೂವತ್ತು ವರ್ಷದ ನಂತರ ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಅವರೇ ಬರೆದದ್ದು. ಲೋಕಸೇವಾ ಆಯೋಗದ ಅಧ್ಯಕ್ಷರೇ ಮನಸ್ಸು ಬದಲಾಯಿಸಲು ನೋಡಿದರಂತೆ. ಮುತ್ತಮ್ಮ ಬದಲಾಯಿಸಲಿಲ್ಲ. 1949ರಲ್ಲಿ ಸೇರಿದರು. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ.

ಈ ಮುಚ್ಚಳಿಕೆ ಅನ್ನುವ ಮಾತನ್ನು ನಮ್ಮ ಕಡೆ ಯಾವಾಗ ಬಳಸುತ್ತೇವೆ ಯೋಚಿಸಿ. ಪೊಲೀಸ್ ಸ್ಟೇಷನ್ನಿನಲ್ಲಿ, ಜಗಳ ಆಡಿದವರಿಂದ, ಇನ್ನೊಮ್ಮೆ ಹೀಗೆ ಮಾಡಲ್ಲ ಅಂತ ಬರೆಸಿಕೊಳ್ಳುವುದು ಮುಚ್ಚಳಿಕೆ. ಇಲ್ಲಿ ಪರೀಕ್ಷೆ ಪಾಸಾಗಿ ಬಂದ ಇಪ್ಪತ್ತೈದರ ಹುಡುಗಿಯಿಂದ ಅದನ್ನು ಬರೆಸಿಕೊಂಡರು. ಅದೇ 1949ರ ಜನವರಿಯಲ್ಲಿ ಕೊಡಗಿನವರೇ ಆದ ಕಾರ್ಯಪ್ಪ ಭಾರತದ ಸೇನೆಯ ಮುಖ್ಯಸ್ಥರಾದರು. ಒಂದೇ ವರ್ಷ, ಒಂದೇ ಪುಟ್ಟ ಜಿಲ್ಲೆ. ಕಾರ್ಯಪ್ಪನವರನ್ನು ಮದುವೆ ಬಗ್ಗೆ ಯಾರೂ ಏನೂ ಕೇಳಿರಲಿಕ್ಕಿಲ್ಲ ಅಲ್ವಾ.

ಸುಮ್ನೆ ಹೋಲಿಕೆಗೆ ಇನ್ನೊಬ್ಬರ ಕಥೆ ಹೇಳುತ್ತೇನೆ. ಮುತ್ತಮ್ಮ ಸೇರಿ ಎರಡು ವರ್ಷಕ್ಕೆ, 1951ರಲ್ಲಿ, ಕೇರಳದ ಅನ್ನಾ ರಾಜಂ ಜಾರ್ಜ್ ಐಎಎಸ್ ಸೇರಿದರು. ಮೊದಲ ಮಹಿಳಾ ಐಎಎಸ್ ಅಧಿಕಾರಿ ಅವರು. ಅವರ ಸಂದರ್ಶನದಲ್ಲೂ ಬುದ್ಧಿಮಾತು ಹೇಳಿದರು. ಏನಂತ? ಐಎಎಸ್ ಬೇಡ, ವಿದೇಶಾಂಗ ಸೇವೆಗೋ ಕೇಂದ್ರ ಸೇವೆಗೋ ಹೋಗು, ಹೆಣ್ಣುಮಕ್ಕಳಿಗೆ ಅದೇ ಸರಿ ಅಂತ! ಮುತ್ತಮ್ಮನಿಗೆ ವಿದೇಶಾಂಗ ಬೇಡ, ಅನ್ನಾ ರಾಜಂಗೆ ವಿದೇಶಾಂಗವೇ ಸರಿ. ಅಂದರೆ ಯಾವ ಕೆಲಸ ಹೆಣ್ಣಿಗೆ ಹೊಂದುತ್ತದೆ ಅನ್ನುವುದು ಅವಳು ಯಾವ ಬಾಗಿಲು ತಟ್ಟುತ್ತಿದ್ದಾಳೆ ಅನ್ನುವುದರ ಮೇಲೆ ನಿಂತಿತ್ತು. ತಟ್ಟಿದ ಬಾಗಿಲೊಂದು ಬಿಟ್ಟು ಬೇರೆ ಯಾವುದಾದರೂ ಆದೀತು. ಅನ್ನಾ ರಾಜಂ ಅವರ ನೇಮಕಾತಿ ಆದೇಶದಲ್ಲೂ, ಮದುವೆಯಾದರೆ ಸೇವೆಯಿಂದ ತೆಗೆಯಲಾಗುವುದು ಅಂತ ಬರೆದಿತ್ತು.

ಇದನ್ನೆಲ್ಲ ಓದಿ, ಅಯ್ಯೋ ಅದು ಕಾಗದದ ಮೇಲಿನ ಷರತ್ತು, ನಿಜವಾಗಿ ಯಾರನ್ನು ತೆಗೆದರು ಅಂತ ಕೇಳುವವರಿದ್ದಾರೆ. ರಮಾ ಮೆಹ್ತಾ ಅಂತ ಒಬ್ಬರಿದ್ದರು. ಅವರೂ ವಿದೇಶಾಂಗ ಸೇವೆಗೆ ಸೇರಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಮದುವೆಯಾದರು, ನಿಯಮದಂತೆ ಕೆಲಸ ಬಿಡಬೇಕಾಯಿತು. ಆಮೇಲೆ ಸಮಾಜಶಾಸ್ತ್ರಜ್ಞೆ ಮತ್ತು ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದರು, ಅದು ಬೇರೆ ಮಾತು. ಅವರ ಗಂಡ ಯಾರು ಅಂದರೆ ಜಗತ್ ಸಿಂಗ್ ಮೆಹ್ತಾ. ಅದೇ ವಿದೇಶಾಂಗ ಸೇವೆಯ ಅಧಿಕಾರಿ. ಮದುವೆ ಇಬ್ಬರದೂ ಒಂದೇ. ಆದರೆ ಹೆಂಡತಿ ಮನೆಗೆ ಹೋದರು, ಗಂಡ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ 1976ರಲ್ಲಿ ವಿದೇಶಾಂಗ ಕಾರ್ಯದರ್ಶಿ ಆದರು. ಮೆಹ್ತಾ ಅವರದ್ದೇನೂ ತಪ್ಪಿಲ್ಲ, ಅವರು ಒಳ್ಳೆಯ ಅಧಿಕಾರಿಯೇ. ಆದರೆ ಈ ನಿಯಮ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ತಮಾಷೆ ನೋಡಿ. ಆಗ ಹೆಣ್ಣುಮಕ್ಕಳು ರಾಯಭಾರಿ ಆಗಿರಲೇ ಇಲ್ಲ ಅಂತೇನಲ್ಲ. 1947ರಲ್ಲೇ ವಿಜಯಲಕ್ಷ್ಮಿ ಪಂಡಿತ್ ಮಾಸ್ಕೋಗೆ ಭಾರತದ ಮೊದಲ ರಾಯಭಾರಿಯಾಗಿ ಹೋಗಿದ್ದರು. ಅವರಿಗೆ ಮೂರು ಜನ ಹೆಣ್ಣುಮಕ್ಕಳು. ಸಂಸಾರ ಇದ್ದವರು ದೇಶವನ್ನು ಪ್ರತಿನಿಧಿಸಲಾರರು ಅಂತ ಅವರಿಗೆ ಯಾರೂ ಹೇಳಲಿಲ್ಲ, ಏಕೆಂದರೆ ಅವರು ಮೇಲಿನಿಂದ ಬಂದವರು, ಪ್ರಧಾನಿಯ ತಂಗಿ. ಪರೀಕ್ಷೆ ಬರೆದು ಕೆಳಗಿನಿಂದ ಹತ್ತಿ ಬರುವವಳಿಗೆ ಮಾತ್ರ ಮುಚ್ಚಳಿಕೆ. ರಾಜಕೀಯದಲ್ಲೂ ಇದನ್ನೇ ನೋಡುತ್ತೇವೆ, ಅದಕ್ಕೆ ಆಮೇಲೆ ಬರುತ್ತೇನೆ.

1949ರಲ್ಲಿ ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ, ಹಾಗಾಗಿ ಹಳೆಯ ಕಾಲದ ಪದ್ಧತಿ ಮುಂದುವರಿದಿತ್ತು ಅಂತ ಯಾರಾದರೂ ಸಮಾಧಾನ ಹೇಳಬಹುದು. ಸರಿ. 1950ರ ಜನವರಿ 26ರಂದು ಸಂವಿಧಾನ ಬಂತು. ಕಾನೂನಿನ ಮುಂದೆ ಎಲ್ಲರೂ ಸಮಾನ ಅಂತ 14ನೇ ವಿಧಿ, ಸರ್ಕಾರಿ ನೌಕರಿಯಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ 16ನೇ ವಿಧಿ. ಇದಾಗಿ ಹನ್ನೊಂದು ವರ್ಷಕ್ಕೆ, 1961ರಲ್ಲಿ, ವಿದೇಶಾಂಗ ಸೇವೆಗೆ ಹೊಸ ನಿಯಮಗಳನ್ನು ಬರೆದರು. ಹಳೆಯದು ಉಳಿದುಕೊಂಡಿದ್ದಲ್ಲ, ಕೂತು ಹೊಸದಾಗಿ ಬರೆದದ್ದು. ಅದರಲ್ಲಿ ಎರಡು ನಿಯಮ ನೋಡಿ.

ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ 8(2): ಸೇವೆಯಲ್ಲಿರುವ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಮದುವೆಯಾದ ಮೇಲೆ ಯಾವಾಗ ಬೇಕಾದರೂ, ಅವಳ ಸಂಸಾರದ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡ ಬರಬಹುದು ಅಂತ ಸರ್ಕಾರಕ್ಕೆ ಮನವರಿಕೆಯಾದರೆ, ರಾಜೀನಾಮೆ ಕೊಡು ಅನ್ನಬಹುದು. ನೇಮಕಾತಿ ನಿಯಮಗಳಲ್ಲಿ 18(4): ಮದುವೆಯಾದ ಯಾವ ಮಹಿಳೆಗೂ ಈ ಸೇವೆಗೆ ನೇಮಕವಾಗುವುದು ಹಕ್ಕಲ್ಲ.

ಮೊದಲನೆಯದನ್ನು ಇನ್ನೊಮ್ಮೆ ಓದಿ. ಅಡ್ಡ ಬಂದಿದೆ ಅಂತಲ್ಲ, ಅಡ್ಡ ಬರಬಹುದು ಅಂತ. ಅವಳು ಒಂದು ದಿನವೂ ರಜೆ ಹಾಕದೆ ಇರಬಹುದು, ಕಡತ ಒಂದೂ ಬಾಕಿ ಇಟ್ಟುಕೊಳ್ಳದೆ ಇರಬಹುದು. ಮೇಲೆ ಕೂತವರಿಗೆ 'ಅನ್ನಿಸಿದರೆ' ಸಾಕು. ಸಿಬ್ಬಂದಿ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ನಿಯಮದಲ್ಲಿ 'ಮನವರಿಕೆಯಾದಲ್ಲಿ' ಅಂತ ಬಂತೆಂದರೆ ಅಲ್ಲಿ ನಿಯಮ ಮುಗಿದು ಮನುಷ್ಯ ಶುರುವಾಗುತ್ತಾನೆ.

ಇದೆಲ್ಲದರ ನಡುವೆ ಮುತ್ತಮ್ಮ ಕೆಲಸ ಮಾಡುತ್ತಾ ಹೋದರು. ಮೊದಲು ಪ್ಯಾರಿಸ್, ಆಮೇಲೆ ರಂಗೂನ್, ಲಂಡನ್, ನಡುವೆ ದೆಹಲಿಯಲ್ಲಿ ಪಾಕಿಸ್ತಾನಕ್ಕೆ ಮತ್ತು ಅಮೆರಿಕ ಖಂಡಕ್ಕೆ ಸಂಬಂಧಪಟ್ಟ ವಿಭಾಗಗಳು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಸೇವೆಯ ಒಳಗಿಂದಲೇ ಬಂದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ನಂತರ ಘಾನಾ. ಆಗ ದೇಶದ ಪ್ರಧಾನಿ ಇಂದಿರಾ ಗಾಂಧಿ. ಹನ್ನೊಂದು ವರ್ಷ ಒಬ್ಬ ಹೆಣ್ಣುಮಗಳು, ಇಬ್ಬರು ಮಕ್ಕಳ ತಾಯಿ, ಪ್ರಧಾನಿ ಕುರ್ಚಿಯಲ್ಲಿ ಕೂತಿದ್ದರೂ, ಮದುವೆಗೆ ಸರ್ಕಾರದ ಅನುಮತಿ ಕೇಳಬೇಕು ಅನ್ನುವ 8(2) ಪುಸ್ತಕದಲ್ಲಿ ಹಾಗೇ ಇತ್ತು. ಮೇಲೆ ಒಬ್ಬಳು ಹೆಣ್ಣುಮಗಳು ಕೂತರೆ ಕೆಳಗಿನದೆಲ್ಲ ತಾನೇ ಸರಿಹೋಗುತ್ತದೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇನ್ನೊಂದು ವಿಷಯ ನನಗೆ ತುಂಬಾ ಕೋಪ ಬರಿಸಿತು. 1965ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬೊಂಬಾಯಿಯ ಔಷಧ ಕಂಪನಿಯೊಂದರ ಕೇಸು ಬಂದಿತ್ತು. ಒಂದು ವಿಭಾಗದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡಬೇಕು ಅಂತ ಅಲ್ಲಿ ಷರತ್ತು. ಮದುವೆಯಾದವರು ಜಾಸ್ತಿ ರಜೆ ಹಾಕುತ್ತಾರೆ ಅಂತ ಕಂಪನಿ ವಾದ. ಕೋರ್ಟು ಒಪ್ಪಲಿಲ್ಲ, ಆ ಷರತ್ತನ್ನು ತೆಗೆಸಿತು. ಅಂದರೆ ಮಾತ್ರೆ ಪ್ಯಾಕ್ ಮಾಡುವ ಖಾಸಗಿ ಕಂಪನಿಗೆ ಯಾವುದು ತಪ್ಪು ಅಂತ ಕೋರ್ಟು 1965ರಲ್ಲೇ ಹೇಳಿತ್ತೋ, ಅದನ್ನೇ ಸರ್ಕಾರ ತನ್ನ ಅತ್ಯಂತ ಪ್ರತಿಷ್ಠಿತ ಸೇವೆಯಲ್ಲಿ ಮುಂದೆ ಹದಿನಾಲ್ಕು ವರ್ಷ ಇಟ್ಟುಕೊಂಡಿತ್ತು.

ಈಗ ಅಸಲು ಪ್ರಕರಣಕ್ಕೆ ಬರೋಣ. ಎಪ್ಪತ್ತರ ದಶಕದ ಕೊನೆ. ಮುತ್ತಮ್ಮನವರಿಗೆ ಮುಂದಿನ ಮೆಟ್ಟಿಲು ಅಂದರೆ ವಿದೇಶಾಂಗ ಸೇವೆಯ ಗ್ರೇಡ್-1. ಮೇಲಿನ ಹುದ್ದೆಗಳೆಲ್ಲ ಅಲ್ಲಿಂದ. ಅವರ ಹೆಸರು ಪರಿಶೀಲನೆಗೆ ಬಂತು, ಹೋಯಿತು. ಬಡ್ತಿಗೆ ಬೇಕಾದಷ್ಟು ಅರ್ಹತೆ ಇಲ್ಲ ಅಂತ ತೀರ್ಮಾನ. ಅವರಿಗಿಂತ ಕಿರಿಯರು ಮೇಲೆ ಹೋದರು.

'ಅರ್ಹತೆ ಸಾಲದು'. ಈ ಮಾತಿನ ಶಕ್ತಿ ನೋಡಿ. 8(2)ನೇ ನಿಯಮವನ್ನು ಯಾರಾದರೂ ಓದಿ ಇದು ಅನ್ಯಾಯ ಅನ್ನಬಹುದು, ಅದು ಕಪ್ಪು ಅಕ್ಷರದಲ್ಲಿದೆ. ಆದರೆ ಅರ್ಹತೆ ಸಾಲದು ಅನ್ನುವುದಕ್ಕೆ ಹಿಡಿಯಲು ಹಿಡಿಕೆಯೇ ಇಲ್ಲ. ಯಾರು ಅಂದರು, ಯಾವ ಆಧಾರದ ಮೇಲೆ ಅಂದರು, ಕೋಣೆಯಲ್ಲಿ ಯಾರ್ಯಾರು ಕೂತಿದ್ದರು, ಯಾವ ವರ್ಷದ ಗೌಪ್ಯ ವರದಿಯಲ್ಲಿ ಯಾವ ಸಾಹೇಬರು 'ಉತ್ತಮ' ಬರೆಯುವ ಕಡೆ 'ಸಾಧಾರಣ' ಬರೆದರು, ಅದು ಹೊರಗೆ ಬರುವುದೇ ಇಲ್ಲ. ಕೇಳಿದರೆ, ನಿಮ್ಮ ಬಗ್ಗೆ ನೀವೇ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೀರಿ ಅನ್ನುತ್ತಾರೆ. ನನ್ನ ಪ್ರಕಾರ ಬರೆದ ನಿಯಮ ಈ ಇಡೀ ವ್ಯವಸ್ಥೆಯ ಪ್ರಾಮಾಣಿಕ ಭಾಗ. ಕನಿಷ್ಠ ಅದು ತನ್ನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿತು.

ಮುತ್ತಮ್ಮ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಇದು ಹೇಳಿದಷ್ಟು ಸುಲಭದ ಕೆಲಸವಲ್ಲ. ನಿವೃತ್ತಿ ಆದಮೇಲೆ ಬರೆಯುವುದು ಬೇರೆ. ಸೇವೆಯಲ್ಲಿರುವಾಗಲೇ, ಐವತ್ತು ದಾಟಿದ ವಯಸ್ಸಿನಲ್ಲಿ, ತಾನು ಯಾವ ಸರ್ಕಾರದ ಪ್ರತಿನಿಧಿಯೋ ಅದೇ ಸರ್ಕಾರವನ್ನು ಪ್ರತಿವಾದಿ ಮಾಡಿ, ಬಡ್ತಿ ಕೊಡುವ ಸಮಿತಿಯವರ ಮನಸ್ಸಿನಲ್ಲೇ ಹೆಣ್ಣುಮಕ್ಕಳ ವಿರುದ್ಧ ಪೂರ್ವಗ್ರಹ ಇದೆ ಅಂತ ಬರೆದು ಸಹಿ ಹಾಕುವುದು. ಅವರು ತಮ್ಮ ಬಡ್ತಿಯ ಮಾತನ್ನಷ್ಟೇ ಬರೆಯಲಿಲ್ಲ. ಸಂದರ್ಶನದಿಂದ ಹಿಡಿದು, ಮುಚ್ಚಳಿಕೆ, 1961ರ ನಿಯಮ, ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಇದು ಜಾಣತನ ಅಂತ ನನಗನ್ನಿಸುತ್ತದೆ. 'ಅರ್ಹತೆ ಸಾಲದು' ಅನ್ನುವುದನ್ನು ಒಂಟಿಯಾಗಿ ತೆಗೆದುಕೊಂಡರೆ ಏನೂ ಸಾಬೀತಾಗಲ್ಲ. ಪಕ್ಕದಲ್ಲಿ ನಿಯಮದ ಪುಸ್ತಕ ತೆರೆದಿಟ್ಟರೆ, ಈ ಮನೆಯಲ್ಲಿ ಹೆಣ್ಣಿನ ಬಗ್ಗೆ ಯಾವ ಗಾಳಿ ಬೀಸುತ್ತಿದೆ ಅಂತ ನ್ಯಾಯಮೂರ್ತಿಗಳಿಗೆ ಕಾಣಿಸುತ್ತದೆ.

ಅರ್ಜಿ ಹಾಕಿದ ಮೇಲೆ ಏನಾಯಿತು? ಬಡ್ತಿ ಬಂತು! ಕೆಲವೇ ತಿಂಗಳ ಹಿಂದೆ ಅರ್ಹತೆ ಸಾಲದೆ ಇದ್ದವರು ಈಗ ಅರ್ಹರಾಗಿಬಿಟ್ಟರು. ನೆದರ್ಲೆಂಡ್ಸಿಗೆ, ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಿದರು. ತೀರ್ಪಿನಲ್ಲಿ ನ್ಯಾಯಮೂರ್ತಿಗಳೂ ಇದನ್ನು ಗಮನಿಸಿ ಒಂದು ಚುಚ್ಚುಮಾತು ಆಡಿದ್ದಾರೆ. ಇದರ ನಂತರ ಅದಾಯಿತು ಅಂದರೆ ಇದರಿಂದಲೇ ಆಯಿತೇ ಅಂತ ಲ್ಯಾಟಿನ್ನಿನಲ್ಲಿ ಕೇಳಿ, ನ್ಯಾಯ ಸಿಕ್ಕಿದ ಮೇಲೆ ಇನ್ನು ಕೆದಕುವುದೇಕೆ ಅಂತ ಮುಂದೆ ಹೋಗಿದ್ದಾರೆ. ನನಗೆ ಕೆದಕಬೇಕಿತ್ತು ಅನ್ನಿಸುತ್ತದೆ. ಆದರೆ ನಾನು ನ್ಯಾಯಮೂರ್ತಿ ಅಲ್ಲ, ಕ್ಲಾರ್ಕು.

1979ರ ಸೆಪ್ಟೆಂಬರ್ 17ರಂದು ತೀರ್ಪು ಬಂತು. ನ್ಯಾಯಮೂರ್ತಿಗಳು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಾಲ್. ಬರೆದದ್ದು ಕೃಷ್ಣ ಅಯ್ಯರ್, ಅವರ ಇಂಗ್ಲಿಷ್ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ನಿಘಂಟು ಪಕ್ಕದಲ್ಲಿರಬೇಕು. ಆದರೆ ಮಾತು ಖಡಕ್. ಈ ಕಥೆ ಕೇಳಿದರೆ 14 ಮತ್ತು 16ನೇ ವಿಧಿಗಳು ನಿಜವೋ ಪುರಾಣವೋ ಅನ್ನಿಸುತ್ತದೆ ಅಂತ ಶುರು ಮಾಡುತ್ತಾರೆ. ಹೆಣ್ಣು ಮದುವೆಯಾದರೆ ಸರ್ಕಾರಕ್ಕೆ ಯಾವ ಅಪಾಯವೋ, ಗಂಡು ಮದುವೆಯಾದರೂ ಅದೇ ಅಪಾಯ ಇದೆಯಲ್ಲ ಅಂತ ಕೇಳುತ್ತಾರೆ. ಸಂಸಾರ ಕೆಲಸಕ್ಕೆ ಅಡ್ಡ ಬರುವುದಾದರೆ ಗಂಡಸಿಗೂ ಬರಬಹುದು. ಎಷ್ಟು ಸರಳ ಪ್ರಶ್ನೆ! ನಿಯಮ ಬರೆದವರಿಗೆ 1961ರಲ್ಲಿ ಇದು ಹೊಳೆಯಲೇ ಇಲ್ಲ ಅಂದರೆ, ಅವರ ಮನಸ್ಸಿನಲ್ಲಿ ಗಂಡಸಿನ ಸಂಸಾರವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅನ್ನುವುದು ಎಷ್ಟು ಗಟ್ಟಿಯಾಗಿ ಕೂತಿತ್ತು ನೋಡಿ.

ಸರ್ಕಾರದ ಪರ ಸಾಲಿಸಿಟರ್ ಜನರಲ್ ಸೋಲಿ ಸೊರಾಬ್ಜಿ. ಅವರು ಜಗ್ಗಾಡಲಿಲ್ಲ. 18(4)ನ್ನು 1973ರ ನವೆಂಬರಿನಲ್ಲೇ ತೆಗೆದಿದ್ದೇವೆ, 8(2)ನ್ನೂ ತೆಗೆಯುವ ಹಂತದಲ್ಲಿದ್ದೇವೆ, ಗೆಜೆಟ್ಟಿನಲ್ಲಿ ಬರುತ್ತದೆ ಅಂದರು. ಹಾಗಾಗಿ ಕೋರ್ಟು ಆ ನಿಯಮವನ್ನು ತಾನೇ ರದ್ದು ಮಾಡುವ ಪ್ರಮೇಯ ಬರಲಿಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಕೋರ್ಟು ಬಾಗಿಲ ಹತ್ತಿರ ಬಂದಿದೆ ಅಂತ ಗೊತ್ತಾದ ಮೇಲೆ ಸರ್ಕಾರ ತಾನಾಗಿಯೇ ಕದ ತೆರೆಯಿತು, ಅಷ್ಟೇ. ಅದಕ್ಕೇ ಕೃಷ್ಣ ಅಯ್ಯರ್, ಯಾರಾದರೂ ರಿಟ್ ಹಾಕಲಿ ಅಂತ ಕಾಯದೆ ಎಲ್ಲ ಸೇವಾ ನಿಯಮಗಳನ್ನೂ ಒಮ್ಮೆ ತಿರುವಿ ಹಾಕಿ ಈ ಕಲೆಯನ್ನು ತೊಳೆಯಿರಿ ಅಂತ ಸರ್ಕಾರಕ್ಕೆ ಹೇಳಿದ್ದು.

ಕೃಷ್ಣ ಅಯ್ಯರ್ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು. ಹೆಣ್ಣುಮಕ್ಕಳ ವಿಷಯದಲ್ಲಿ ಸರ್ಕಾರಕ್ಕೆ ಇಷ್ಟು ಬೈದ ಸುಪ್ರೀಂ ಕೋರ್ಟಿನಲ್ಲಿ ಆ ದಿನ ಒಬ್ಬರೂ ಮಹಿಳಾ ನ್ಯಾಯಮೂರ್ತಿ ಇರಲಿಲ್ಲ. ಮೊದಲನೆಯವರು, ಫಾತಿಮಾ ಬೀವಿ, ಬಂದದ್ದು ಇನ್ನೂ ಹತ್ತು ವರ್ಷ ಕಳೆದು, 1989ರಲ್ಲಿ. ಮದುವೆಯಾದ ಹೆಣ್ಣು ನ್ಯಾಯಮೂರ್ತಿ ಆಗಬಾರದು ಅಂತ ಅಲ್ಲಿ ಯಾವ ನಿಯಮವೂ ಇರಲಿಲ್ಲ. ಆದರೂ.

ಈಗ ಆ ಕೆಲವು ತಿಂಗಳಿಗೆ ಬರುತ್ತೇನೆ. ಬಡ್ತಿ ಸಿಕ್ಕಿತು, ನಿಯಮ ಹೋಗುವುದರಲ್ಲಿದೆ, ಇನ್ನೇನು ಬೇಕು ಅಂತ ಹೊರಗಿನವರು ಕೇಳುತ್ತಾರೆ. ಮುತ್ತಮ್ಮನಿಗೆ ಇನ್ನೂ ಒಂದು ತಕರಾರು ಉಳಿದಿತ್ತು. ಮೊದಲ ಸಲ ಕೈಬಿಟ್ಟದ್ದಕ್ಕೂ ಎರಡನೇ ಸಲ ಕೊಟ್ಟದ್ದಕ್ಕೂ ನಡುವೆ ಕೆಲವು ತಿಂಗಳು ಹೋಗಿದೆ. ಆ ತಿಂಗಳುಗಳಲ್ಲಿ ಕಿರಿಯರು ಗ್ರೇಡ್-1ಕ್ಕೆ ಹೋಗಿದ್ದಾರೆ. ಈಗ ಅವರೆಲ್ಲ ಇವರಿಗಿಂತ ಮೇಲೆ.

ಹೊರಗಿನವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು. ಜ್ಯೇಷ್ಠತಾ ಪಟ್ಟಿ ತಯಾರಿಸಿದವರನ್ನು ಕೇಳಿ. ಅದರಲ್ಲಿ ಹೆಸರು ಇರುವ ಸಾಲು ಒಮ್ಮೆ ಕೆಳಗೆ ಹೋಯಿತೆಂದರೆ ನಿವೃತ್ತಿಯವರೆಗೂ ಅದು ನಿಮ್ಮ ಬೆನ್ನು ಬಿಡುವುದಿಲ್ಲ. ಮುಂದಿನ ಬಡ್ತಿಗೆ ಮೂರು ಹುದ್ದೆ ಖಾಲಿ ಇದ್ದು ನೀವು ನಾಲ್ಕನೆಯವರಾದರೆ ಮುಗಿಯಿತು. ನಾಲ್ಕು ತಿಂಗಳು ತಡವಾಗಿ ಬಡ್ತಿ ಪಡೆದವರು ಒಂದು ಇಡೀ ಹುದ್ದೆಯನ್ನು ಕಳೆದುಕೊಳ್ಳುವುದನ್ನು ನಾನು ಪಟ್ಟಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಅಲ್ಲಿ ಯಾರೂ ಯಾರಿಗೂ ಬೈದಿರಲ್ಲ, ತಾರತಮ್ಯ ಅನ್ನುವ ಪದವನ್ನೇ ಬಳಸಿರಲ್ಲ, ತಾರೀಖು ಮಾತ್ರ ಬದಲಾಗಿರುತ್ತದೆ.

ಕೃಷ್ಣ ಅಯ್ಯರ್‌ಗೆ ಇದು ಅರ್ಥವಾಗಿತ್ತು. ನಮ್ಮ ಸರ್ಕಾರಿ ಬದುಕಿನಲ್ಲಿ ಸೀನಿಯಾರಿಟಿಗೆ ದೇವರಿಗೆ ಕೊಡುವಷ್ಟು ಭಕ್ತಿ ಬಂದುಬಿಟ್ಟಿದೆ ಅಂತ ಸ್ವಲ್ಪ ಗೇಲಿ ಮಾಡಿದರೂ, ಗ್ರೇಡ್-1ರಲ್ಲಿ ಯಾರು ಮೊದಲು 'ಹುಟ್ಟಿದರು', ಅಂದರೆ ಯಾರು ಮೊದಲು ಅಲ್ಲಿಗೆ ಬಂದರು ಅನ್ನುವುದು ಮುಂದಿನ ದಾರಿಯನ್ನು ನಿರ್ಧರಿಸುವುದರಿಂದ ಈ ದೂರನ್ನು ತಳ್ಳಿಹಾಕಲಾಗದು ಅಂದರು. ಸೊರಾಬ್ಜಿ ಸರ್ಕಾರವನ್ನು ಒಪ್ಪಿಸಿದರು. ಆ ತಿಂಗಳುಗಳಲ್ಲಿ ಬಡ್ತಿ ಪಡೆದ ಕಿರಿಯರ ಎದುರು ಇವರ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಿ ಅಂತ ಕೋರ್ಟು ನಿರ್ದೇಶನ ಕೊಟ್ಟಿತು. ಇಡೀ ತೀರ್ಪಿನಲ್ಲಿ ಮುತ್ತಮ್ಮನವರಿಗೆ ಅಂತ, ವೈಯಕ್ತಿಕವಾಗಿ, ಸಿಕ್ಕಿದ ಆದೇಶ ಇದೊಂದೇ. ಪೂರ್ವಗ್ರಹದ ಆರೋಪವನ್ನು ಕೋರ್ಟು ಪರೀಕ್ಷೆ ಮಾಡಲಿಲ್ಲ, ಈಗ ಅದರ ಅಗತ್ಯವಿಲ್ಲ ಅಂದಿತು. ಆಮೇಲೆ ಅರ್ಜಿ ವಜಾ.

ಅಂದರೆ ಲೆಕ್ಕ ಹೀಗಾಯಿತು. ಬರೆದ ನಿಯಮ ಬಿತ್ತು, ಅಥವಾ ಬೀಳುವುದರಲ್ಲಿತ್ತು. ಬರೆಯದ ಮಾತು, ಅಂದರೆ 'ಅರ್ಹತೆ ಸಾಲದು' ಅಂದದ್ದು ಯಾಕೆ, ಅಂದವರು ಯಾರು, ಅದು ತೆರೆಯದೇ ಹೋಯಿತು. ಎಲ್ಲರೂ ಮೊದಲನೆಯದನ್ನು ಗೆಲುವು ಅಂತ ನೆನಪಿಟ್ಟುಕೊಂಡಿದ್ದಾರೆ. ಸರಿಯೇ, ಅದು ಗೆಲುವೇ. ನನ್ನಂಥ ಸಾವಿರಾರು ಜನ ಮದುವೆಯಾಗಿಯೂ ಸರ್ಕಾರಿ ಕೆಲಸದಲ್ಲಿ ಇದ್ದೇವೆ ಅಂದರೆ ಆ ಕಾಲದ ಇಂಥ ಹಟಮಾರಿಗಳಿಂದಲೇ. ಆದರೆ ಇವತ್ತು ಕಚೇರಿಯಲ್ಲಿ ನಮ್ಮನ್ನು ತಡೆಯುವುದು 8(2) ಅಲ್ಲ. ಎರಡನೆಯದು.

ತೀರ್ಪಿನಲ್ಲಿ ಇನ್ನೊಂದು ಸಾಲಿದೆ, ಅದನ್ನು ಬಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತೆ. ಎಲ್ಲ ಕೆಲಸದಲ್ಲೂ ಎಲ್ಲ ಸಂದರ್ಭದಲ್ಲೂ ಗಂಡು ಹೆಣ್ಣು ಸಮ ಅಂತ ನಾವು ಹೇಳುತ್ತಿಲ್ಲ, ಕೆಲವು ಉದ್ಯೋಗಗಳ ಅಗತ್ಯಕ್ಕೆ ತಕ್ಕಂತೆ ಆಯ್ಕೆ ಬೇಕಾಗಬಹುದು ಅಂತ. ಆ ಕಿಟಕಿ ತೆರೆದೇ ಉಳಿಯಿತು. ಎರಡೇ ವರ್ಷಕ್ಕೆ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಕೇಸು ಅದೇ ಸುಪ್ರೀಂ ಕೋರ್ಟಿಗೆ ಬಂತು. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಕೋರ್ಟು ಹೊಡೆದು ಹಾಕಿತು. ಆದರೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಅನ್ನುವ ನಿಯಮವನ್ನು ಒಪ್ಪಿಕೊಂಡಿತು. ಮುತ್ತಮ್ಮ ಕೇಸಿನ ಶಾಯಿ ಒಣಗಿತ್ತೋ ಇಲ್ಲವೋ!

ರಾಜಕೀಯಕ್ಕೆ ಬರುತ್ತೇನೆ ಅಂದಿದ್ದೆ. ಅಲ್ಲಿ 8(2) ಥರದ್ದು ಯಾವತ್ತೂ ಇರಲಿಲ್ಲ, ಮದುವೆಯಾದವಳು ಚುನಾವಣೆಗೆ ನಿಲ್ಲಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲು, ಹಾಗಾಗಿ ಅಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ. ಅವರಲ್ಲಿ ಎಷ್ಟು ಜನರ ಪಕ್ಕದಲ್ಲಿ ಗಂಡ ಕೂತು ಮಾತಾಡುತ್ತಾನೆ ಅನ್ನುವುದು ಗೊತ್ತಿರುವ ವಿಷಯವೇ, ಆದರೂ ಕುರ್ಚಿ ಇದೆ. ಮೇಲೆ ಬನ್ನಿ, ವಿಧಾನಸಭೆಗೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಅಲ್ಲಿ ಟಿಕೆಟ್ ಕೊಡುವಾಗ ಕೇಳುವ ಮಾತು 'ಗೆಲ್ಲುವ ಸಾಮರ್ಥ್ಯ ಇದೆಯಾ' ಅಂತ. ಇದು 'ಅರ್ಹತೆ ಸಾಲದು' ಅನ್ನುವುದರ ಅಣ್ಣನೋ ತಮ್ಮನೋ. ಮುಚ್ಚಿದ ಕೋಣೆ, ಬರೆಯದ ಅಳತೆ, ಕಾರಣ ಹೇಳುವ ಹಂಗಿಲ್ಲ. ಯಾರ ಮಗಳು, ಯಾರ ಹೆಂಡತಿ ಅಂತ ಮೇಲಿನಿಂದ ಬಂದವರಿಗೆ ಸಾಮರ್ಥ್ಯ ಹುಟ್ಟಿನಿಂದಲೇ ಇರುತ್ತದೆ, ಇಪ್ಪತ್ತು ವರ್ಷ ಬೂತಿನಲ್ಲಿ ಓಡಾಡಿದ ಕಾರ್ಯಕರ್ತೆಗೆ ಇರುವುದಿಲ್ಲ. ವಿಜಯಲಕ್ಷ್ಮಿ ಪಂಡಿತ್ ಮತ್ತು ಮುತ್ತಮ್ಮನ ವ್ಯತ್ಯಾಸ ಇದೇ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಮೂವತ್ತು ವರ್ಷ ದಾಟಿದ ಸೇವೆ. ಸ್ವೀಡನ್ನಿನ ಓಲೊಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯೆಯಾಗಿ ಅವರ ಹೆಸರು ಕಾಣುತ್ತದೆ. ವ್ಯವಸ್ಥೆಯ ಬಗ್ಗೆ ಖಾರವಾಗಿ ಬರೆದರು. ಕೊಡವ ಅಡುಗೆಯ ಪುಸ್ತಕವೊಂದರಲ್ಲೂ ಅವರ ಕೈ ಇದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ; ಪಂದಿ ಕರಿಯ ಬಗ್ಗೆ ಬರೆದರೆ ಯಾರು ಏನಂದುಕೊಳ್ಳುತ್ತಾರೋ ಅಂತ ಅವರು ತಲೆಕೆಡಿಸಿಕೊಳ್ಳಲಿಲ್ಲ. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು, 85 ವರ್ಷ. ಅಷ್ಟರಲ್ಲಿ ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿ ಆಗಿ ಹೋಗಿದ್ದರು, 2001ರಲ್ಲಿ. ಮುತ್ತಮ್ಮ ತೀರಿಕೊಂಡ ವರ್ಷ ಆ ಕುರ್ಚಿಯಲ್ಲಿ ನಿರುಪಮಾ ರಾವ್ ಇದ್ದರು. ಮೊದಲ ಹೆಣ್ಣುಮಗಳು ಸೇವೆಗೆ ಸೇರಿದ್ದಕ್ಕೂ ಒಬ್ಬ ಹೆಣ್ಣುಮಗಳು ಅದರ ತುದಿ ಮುಟ್ಟಿದ್ದಕ್ಕೂ ನಡುವೆ 52 ವರ್ಷ.

ಕೊನೆಗೆ ನಮ್ಮ ಕಚೇರಿಯದೊಂದು, ಹೆಸರು ಬೇಡ, ಯಾವ ಇಲಾಖೆ ಅನ್ನುವುದೂ ಬೇಡ. ನನ್ನ ಜೊತೆಗಿದ್ದ ಒಬ್ಬರಿಗೆ ಬಡ್ತಿ ಬರಬೇಕಿತ್ತು. ಪಟ್ಟಿಯಲ್ಲಿ ಎರಡನೆಯವರು. ಮೇಲಿನ ಹುದ್ದೆಯಲ್ಲಿ ತಾಲೂಕು ತಾಲೂಕು ಸುತ್ತಬೇಕು, ರಾತ್ರಿ ಆಗುತ್ತದೆ, ಚಿಕ್ಕ ಮಗು ಇದೆ, ಪಾಪ ಅವರಿಗೇ ಕಷ್ಟ ಅಂತ ಸಾಹೇಬರಿಗೆ 'ಅನ್ನಿಸಿತು'. ಒಳ್ಳೆಯ ಮನಸ್ಸಿನಿಂದಲೇ ಅನ್ನಿಸಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಅವರನ್ನು ಮಾತ್ರ ಯಾರೂ ಕೇಳಲಿಲ್ಲ. ಕಡತ ಒಂದು ಪ್ರಶ್ನೆ ಹಾಕಿಸಿಕೊಂಡು ವಾಪಸ್ ಬಂತು, ಮತ್ತೆ ಹೋಯಿತು, ಅಷ್ಟರಲ್ಲಿ ಮೂರನೆಯವರದೂ ನಾಲ್ಕನೆಯವರದೂ ಆದೇಶ ಆಗಿಹೋಯಿತು. ಇವರು ಮನವಿ ಕೊಟ್ಟರು, ಓಡಾಡಿದರು. ಏಳು ತಿಂಗಳ ಮೇಲೆ ಆದೇಶ ಬಂತು. ಮೈಸೂರ್ ಪಾಕ್ ಡಬ್ಬ ಹಿಡಿದುಕೊಂಡು ಖುಷಿಯಲ್ಲಿ ನನ್ನ ಟೇಬಲ್ ಹತ್ತಿರ ಬಂದರು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡು, ಅಭ್ಯಾಸಬಲ, ಕೇಳಿಬಿಟ್ಟೆ. "ಯಾವ ತಾರೀಖಿನಿಂದ ಅಂತ ಬರೆದಿದ್ದಾರೆ ಮೇಡಂ?"

ಅವರು ಡಬ್ಬವನ್ನು ಟೇಬಲ್ ಮೇಲಿಟ್ಟು, ಮಡಿಸಿಟ್ಟುಕೊಂಡಿದ್ದ ಆದೇಶವನ್ನು ಬ್ಯಾಗಿನಿಂದ ಮತ್ತೆ ತೆಗೆದರು.